ಸುತ್ತಿಗೆಯ ಕಾವು

ತಾಳವಾಡಿಯಿಂದ ಉದಕಮಂಡಲಕ್ಕೆ ಹೋಗುವವರು ತಮಿಳುನಾಡಿನಿಂದ ತಮಿಳುನಾಡಿಗೇ ಹೋಗುವವರಾದರೂ ನಡುವೆ ಕರ್ನಾಟಕವನ್ನು ಹಾಯಬೇಕಾಗುತ್ತದೆ. ದಿಂಬಂ ಘಟ್ಟದ 27 ತಿರುವುಗಳನ್ನು ಇಳಿದು, ಸತ್ಯಮಂಗಲ, ಮೇಟ್ಟುಪಾಳಯಗಳ ಮೇಲೆ ಕೂನೂರಿನ ಘಟ್ಟ ಹತ್ತುವ ದಾರಿಯೂ ಒಂದುಂಟು. ಆದರೆ ನಮ್ಮ ಫಿರ್ಕಾದ ಜನಕ್ಕೆ ಚಾಮರಾಜನಗರ, ಗುಂಡ್ಲುಪೇಟೆ, ಬಂಡೀಪುರ, ಗೂಡಲೂರುಗಳ ದಾರಿಯೇ ರೂಢಿ. 1956ರಲ್ಲಿ ರಾಜ್ಯಗಳನ್ನು ವಿಂಗಡಿಸಿದಾಗ ಕೊಳ್ಳೇಗಾಲ ಮೈಸೂರಿಗೆ ಸೇರಿ, ನಾವು ಮಾತ್ರ ಮದರಾಸಿನಲ್ಲಿಯೇ ಉಳಿದೆವೆಂಬುದನ್ನು ಈ ಪತ್ರಿಕೆಯ ವಾಚಕರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ಒಂದೇ ದಿನದ ಪ್ರಯಾಣದಲ್ಲಿ ಮೈಲಿಗಲ್ಲಿನ ಅಕ್ಷರಗಳು ಎರಡು ಸಲ ಬದಲಾಗುವುದನ್ನು ಕಂಡಾಗ ಅದು ತಾನಾಗಿ ನೆನಪಿಗೆ ಬರುತ್ತದೆ.

ಕಳೆದ ಸಂಕ್ರಾಂತಿಯ ಮರುದಿನ ನಾವು ಈ ದಾರಿಯಲ್ಲಿ ಹೊರಟುದು ವಿಹಾರಕ್ಕಾಗಿ ಅಲ್ಲ. ನಮ್ಮೊಡನೆ ನಮ್ಮ ಊರಿನ ಒಬ್ಬ ರೈತರಿದ್ದರು. ಗೌಡರೆಂದೇ ಕರೆಯೋಣ. ಅವರ ಕಿರಿಯ ಮಗ ನಮ್ಮ ಶಾಲೆಯಲ್ಲಿ ಓದಿದವನು. ಹತ್ತನೆಯ ತರಗತಿಯ ಗಣಿತದಲ್ಲಿ ಮೊದಲ ಸಲ ತಪ್ಪಿ, ಎರಡನೆಯ ಸಲ ಹೇಗೋ ದಾಟಿ, ಸೋದರಮಾವನ ಬೆನ್ನಿಗೆ ಮರಗೆಲಸಕ್ಕೆಂದು ನೀಲಗಿರಿಗೆ ಹೋದವನು, ಅಲ್ಲಿ ಪಿಯಾನೋ ಎಂಬ ವಾದ್ಯವನ್ನು ರಿಪೇರಿ ಮಾಡುವ ಒಬ್ಬ ವೃದ್ಧರ ಕೈಕೆಳಗೆ ಸೇರಿಕೊಂಡಿದ್ದ. ಎರಡು ವರ್ಷವಾಗಿತ್ತು. ಈ ಬಾರಿ ಹಬ್ಬಕ್ಕೂ ಬರಲಿಲ್ಲ. ಗೌಡರು ಬೆಳಗಿನ ಹೊತ್ತು ನಮ್ಮ ಮನೆಯ ಜಗಲಿಯಲ್ಲಿ ಬಂದು ಕುಳಿತು, “ಮೇಷ್ಟ್ರೆ, ನೀವು ಹೇಳಿದ್ರೆ ಕೇಳ್ತಾನೆ ಕನ. ನಂಗೂ ವಯಸ್ಸಾಯ್ತು. ಆನೆ ಕಾಯೋಕೆ ರಾತ್ರಿಯೆಲ್ಲ ಅಟ್ಟಣೆ ಮೇಲೆ ಕೂರೋಕಾಗಲ್ಲ. ಕರ್ಕೊಂಡು ಬನ್ನಿ” ಎಂದರು.

ನಮಗೆ ಇದರಲ್ಲಿ ಇನ್ನೊಂದು ಸಂಕಟವೂ ಇತ್ತು. ಹುಡುಗ ಏಳನೆಯ ತರಗತಿಯಲ್ಲಿದ್ದಾಗ ಅವನ ಕೈಬರಹದ ಸಾಲು ಎಡಗಡೆಯಿಂದ ಹೊರಟರೆ ಬಲಗಡೆಗೆ ಬರುವಷ್ಟರಲ್ಲಿ ಮುಂದಿನ ಗೆರೆಯ ಮೇಲೆ ಕುಳಿತಿರುತ್ತಿತ್ತು. ಒಂದು ದಿನ ತಾಳ್ಮೆ ತಪ್ಪಿ, ತರಗತಿಯ ಎದುರಿನಲ್ಲಿಯೇ, “ನೇರ ಗೆರೆ ಎಳೆಯಲಾರದವನು ನೇಗಿಲ ಸಾಲನ್ನಾದರೂ ನೇರ ಹೊಡೆದೀಯಾ?” ಎಂದು ಹೇಳಿಬಿಟ್ಟೆವು. ಮಕ್ಕಳು ನಕ್ಕರು. ಅವನು ಮರುದಿನ ಶಾಲೆಗೆ ಬರಲಿಲ್ಲ. ಶಿಕ್ಷಕರ ತರಬೇತಿಯಲ್ಲಿ ಮಗುವಿನ ಮನಸ್ಸಿನ ಬಗ್ಗೆ ಎಷ್ಟು ಪುಟ ಬರೆದು ಅಂಕ ಪಡೆದಿದ್ದರೂ ಬಾಯಿಗೆ ಬಂದ ಮಾತು ಹಾಗೆ ಹೊರಬಿದ್ದಿತ್ತು. ಅಂಥವನನ್ನು ಈಗ ಅವನ ಕಸಬಿನಿಂದ ಬಿಡಿಸಿ ತರಲು ನಾವೇ ಹೊರಟಿದ್ದೆವು.

ಗುಂಡ್ಲುಪೇಟೆಯಲ್ಲಿ ಬಸ್ಸು ಬದಲಿಸಿ, ಬಂಡೀಪುರದ ಕಾಡು ದಾಟಿ, ತೆಪ್ಪಕಾಡು, ಗೂಡಲೂರುಗಳನ್ನು ಕಳೆದು ನಡುವಟ್ಟದ ಏರನ್ನು ಹತ್ತುವಾಗ ಚಳಿ ಕಾಲಿನಿಂದ ಮೇಲೇರತೊಡಗಿತು. ಗೌಡರು ಕಂಬಳಿಯನ್ನು ಬಿಚ್ಚಿ ಹೊದ್ದರು. ಊಟಿ ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ಜನವರಿಯ ಬೆಳಗ್ಗೆ ಹುಲ್ಲುಗಾವಲಿನ ಮೇಲೆ ಹಿಮ ಉಪ್ಪಿನ ಹಾಗೆ ಬಿದ್ದಿರುತ್ತದೆ. ಬಸ್ ನಿಲ್ದಾಣದಲ್ಲಿ ಗೌಡರು ಕ್ಯಾರೆಟ್ ಮಾರುತ್ತಿದ್ದ ಬಡಗ ಹೆಂಗಸೊಬ್ಬರನ್ನು ನಮ್ಮ ಕನ್ನಡದಲ್ಲಿಯೇ ದಾರಿ ಕೇಳಿದರು, ಆಕೆ ತಮ್ಮ ಬಡಗ ನುಡಿಯಲ್ಲಿ ಉತ್ತರಿಸಿದರು. ಇಬ್ಬರಿಗೂ ಅರ್ಥವಾಯಿತು. ತಮಿಳು ಬಲ್ಲ ನಮ್ಮ ಸಹಾಯ ಯಾರಿಗೂ ಬೇಕಾಗಲಿಲ್ಲ.

ಹುಡುಗ ಮಧ್ಯಾಹ್ನದವರೆಗೆ ಕೆಲಸದಲ್ಲಿರುವನೆಂದು ಫೋನಿನಲ್ಲಿ ತಿಳಿಸಿದ್ದುದರಿಂದ ಎರಡು ಗಂಟೆಯ ಕಾಲ ಊರು ನೋಡಿದೆವು. ಇಂಗ್ಲಿಷರು ಕಟ್ಟಿದ ಊರು ಇದು. ಕೊಯಮತ್ತೂರಿನ ಕಲೆಕ್ಟರನಾಗಿದ್ದ ಜಾನ್ ಸಲಿವನ್ 1819ರಲ್ಲಿ ಈ ಬೆಟ್ಟಗಳಿಗೆ ಬಂದ ಮೇಲೆ ಬಂಗಲೆಗಳು, ಚರ್ಚುಗಳು, ಶಾಲೆಗಳು ಒಂದೊಂದಾಗಿ ಎದ್ದವು. ಆ ಬಂಗಲೆಗಳ ಒಳಗೆ, ಹಡಗಿನಲ್ಲಿ ಬಂದು ಘಟ್ಟವನ್ನು ಹತ್ತಿ ಪಿಯಾನೋಗಳೂ ಬಂದವು. ಮೆಟ್ಟುಪಾಳಯದಿಂದ ಕೂನೂರಿಗೆ ರೈಲು ಬಂದುದು 1899ರಲ್ಲಿ, ಊಟಿಗೆ 1908ರಲ್ಲಿ. ಅದಕ್ಕೂ ಮೊದಲು ಬಂದ ವಾದ್ಯಗಳು ಎತ್ತಿನ ಗಾಡಿಯ ಮೇಲೆಯೋ ಆಳುಗಳ ಹೆಗಲ ಮೇಲೆಯೋ ಬಂದಿರಬೇಕು. ಒಳಗೆ ಎರಕದ ಕಬ್ಬಿಣದ ಚೌಕಟ್ಟುಳ್ಳ ಆ ಪೆಟ್ಟಿಗೆಯ ಭಾರವನ್ನು ಕಂಡವರಿಗೆ ಆ ಆಳುಗಳ ನೆನಪು ಮೊದಲು ಬರುತ್ತದೆ.

ಸೇಂಟ್ ಸ್ಟೀಫನ್ಸ್ ಚರ್ಚಿನ ಒಳಗೆ ಗೌಡರು ತಲೆಯೆತ್ತಿ ತೊಲೆಗಳನ್ನೇ ನೋಡುತ್ತ ನಿಂತರು. 1829ರಲ್ಲಿ ಅಸ್ತಿವಾರ ಹಾಕಿದ ಈ ಚರ್ಚಿಗೆ ಮರವನ್ನು ಶ್ರೀರಂಗಪಟ್ಟಣದಿಂದ, ಟಿಪ್ಪುವಿನ ಲಾಲಬಾಗ್ ಅರಮನೆಯನ್ನು ಕೆಡವಿ ತಂದರೆಂಬುದು ಪ್ರಸಿದ್ಧವಾದ ಸಂಗತಿ. ನಾವು ಅದನ್ನು ಹೇಳಿದಾಗ ಗೌಡರು, “ತೇಗ ಅಲ್ವೇ, ಅದಕ್ಕೇ ಇನ್ನೂ ಬಗ್ಗಿಲ್ಲ” ಎಂದಷ್ಟೇ ಅಂದರು. ಅಲ್ಲಿಂದ ಫರ್ನ್‌ಹಿಲ್ ಕಡೆಗೆ ಕೈತೋರಿ, ಮೈಸೂರು ಅರಸರ ಬೇಸಿಗೆಯ ಅರಮನೆ ಅಲ್ಲಿತ್ತೆಂದು ಹೇಳಿದೆವು. ಜಯಚಾಮರಾಜೇಂದ್ರ ಒಡೆಯರು ಪಿಯಾನೋ ನುಡಿಸುವುದರಲ್ಲಿ ಪರಿಣತರು. ಲಂಡನ್ನಿನಲ್ಲಿ ಬಡತನದಲ್ಲಿದ್ದ ರಷ್ಯದ ಸಂಗೀತಗಾರ ಮೆಟ್ನರನ ಕೃತಿಗಳು ಧ್ವನಿಮುದ್ರಿಕೆಗಳಾಗಿ ಬರಲು 1940ರ ದಶಕದ ಕೊನೆಯಲ್ಲಿ ಹಣ ಕೊಟ್ಟವರು ಅವರೇ, ಮೆಟ್ನರ್ ತನ್ನ ಮೂರನೆಯ ಪಿಯಾನೋ ಕಾನ್ಚೆರ್ಟೋವನ್ನು ಅವರಿಗೆ ಅರ್ಪಿಸಿದ್ದಾನೆ. ಹೀಗಿರುವಾಗ ನಮ್ಮ ಕಡೆಯ ಹುಡುಗನೊಬ್ಬ ಪಿಯಾನೋದ ಹೊಟ್ಟೆಯೊಳಗೆ ಕೈ ಹಾಕಿದರೆ ಅದೇನು ಸಂಬಂಧವಿಲ್ಲದ ಮಾತಲ್ಲವೆಂದು ನಮಗೆ ನಾವೇ ವಾದ ಹೂಡಿಕೊಂಡೆವು. ಗೌಡರಿಗೆ ಮಹಾರಾಜರು ಪಿಯಾನೋ ನುಡಿಸಿದ್ದು ಸಮಾಧಾನ ತರಲಿಲ್ಲ. ಮಹಾರಾಜರಿಗೆ ಆನೆ ಕಾಯುವ ಕೆಲಸವಿರಲಿಲ್ಲ.

ಕೆಲಸ ನಡೆಯುತ್ತಿದ್ದುದು ಒಂದು ಹಳೆಯ ಶಾಲೆಯ ಸಂಗೀತದ ಕೋಣೆಯಲ್ಲಿ. ರಜೆಯ ಕಾಲವಾದುದರಿಂದ ಬೇರೆ ಯಾರೂ ಇರಲಿಲ್ಲ. ಗೋಡೆಗೆ ಒರಗಿ ನಿಂತಿದ್ದ ಇಂಗ್ಲೆಂಡಿನ ಪಿಯಾನೋದ ಮುಂದಿನ ಹಲಗೆಗಳನ್ನು ಕಳಚಿದ್ದರು. ಅದರ ಒಳಗಿನ ಯಂತ್ರವನ್ನು ಇಡಿಯಾಗಿ ಹೊರತೆಗೆದು ಮೇಜಿನ ಮೇಲೆ ಮರದ ಕಾಲುಗಳಿಗೆ ನಿಲ್ಲಿಸಿದ್ದರು. ನಮ್ಮ ಹುಡುಗ ಅದರ ಮುಂದೆ ಕುಳಿತಿದ್ದವನು ತಂದೆಯನ್ನು ಕಂಡು ಎದ್ದು ನಿಂತ. ನಮ್ಮನ್ನು ಕಂಡು, “ಸಾ, ನೀವೂ ಬಂದ್ರಾ!” ಎಂದು ಕಾಲಿಗೆ ಬಾಗಿದ. ಅವನ ಗುರುಗಳು, ಎಪ್ಪತ್ತು ದಾಟಿದ ತಮಿಳರು, ಕಿಟಕಿಯ ಬಳಿ ಕುರ್ಚಿಯಲ್ಲಿದ್ದರು. ಅವರ ಬಲಗೈ ಸ್ವಲ್ಪ ನಡುಗುತ್ತಿತ್ತು. ನಮ್ಮನ್ನು ಕುಳ್ಳಿರಿಸಿ, ಕೆಲಸ ನಿಲ್ಲಿಸಬಾರದೆಂದು ಹುಡುಗನಿಗೆ ಕಣ್ಣಿನಲ್ಲಿಯೇ ಸೂಚಿಸಿದರು.

ತಿಳಿದುದರಿಂದ ತಿಳಿಯದುದಕ್ಕೆ ಹೋಗಬೇಕೆಂದು ತರಬೇತಿ ಶಾಲೆಯಲ್ಲಿ ನಮಗೆ ಕಲಿಸಿದ್ದರು. ಅದೇ ಕ್ರಮದಲ್ಲಿ ವಾಚಕರಿಗೆ ಹೇಳುವುದಾದರೆ, ನಮ್ಮ ಮನೆಗಳಲ್ಲಿ ಕಂಡಿರುವ ಹಾರ್ಮೋನಿಯಮ್ಮಿಗೂ ಪಿಯಾನೋಗೂ ಮೇಲೆ ಕಾಣುವ ಬಿಳಿ ಕರಿ ಮಣೆಗಳ ಹೊರತು ಬೇರೆ ನಂಟಿಲ್ಲ. ಹಾರ್ಮೋನಿಯಮ್ಮಿನಲ್ಲಿ ಗಾಳಿ ಹಿತ್ತಾಳೆಯ ನಾಲಿಗೆಯನ್ನು ಅದುರಿಸುತ್ತದೆ. ಪಿಯಾನೋದಲ್ಲಿ ಒಂದೊಂದು ಮಣೆಗೂ ಒಂದೊಂದು ಸುತ್ತಿಗೆಯಿದ್ದು, ಅದು ತಂತಿಯನ್ನು ಹೊಡೆಯುತ್ತದೆ. ಇಟಲಿಯ ಫ್ಲಾರೆನ್ಸಿನಲ್ಲಿ ಬಾರ್ತೊಲೊಮಿಯೊ ಕ್ರಿಸ್ತೊಫೊರಿ ಎಂಬಾತ 1700ರ ಸುಮಾರಿಗೆ ಇದನ್ನು ಕಂಡುಹಿಡಿದ. ಅದಕ್ಕೆ ಮೊದಲಿದ್ದ ವಾದ್ಯದಲ್ಲಿ ತಂತಿಯನ್ನು ಗರಿಯ ಮುಳ್ಳು ಮೀಟುತ್ತಿದ್ದುದರಿಂದ ಮೆಲ್ಲನೆ ಒತ್ತಿದರೂ ಜೋರಾಗಿ ಒತ್ತಿದರೂ ಒಂದೇ ಧ್ವನಿ. ಸುತ್ತಿಗೆ ಬಂದ ಮೇಲೆ ಬೆರಳಿನ ಬಲ ಧ್ವನಿಯಲ್ಲಿ ಕೇಳಿಸತೊಡಗಿತು. ಈಗಿನ ಪಿಯಾನೋಗಳಿಗೆ 88 ಮಣೆಗಳು. ನಾವು ಕಂಡ ಹಳೆಯದಕ್ಕೆ 85, ಆದುದರಿಂದ 85 ಸುತ್ತಿಗೆಗಳು. ತಂತಿಗಳು ಮಾತ್ರ ಇನ್ನೂರಕ್ಕೂ ಹೆಚ್ಚು. ಏಕೆಂದರೆ ಮಂದ್ರದ ಕೊನೆಯಲ್ಲಿ ಸುತ್ತಿಗೆಗೊಂದು ದಪ್ಪ ತಂತಿ, ಆಮೇಲೆ ಎರಡೆರಡು, ನಡುವಿನಿಂದ ತಾರಕದವರೆಗೆ ಮೂರು ಮೂರು. ಮೂರೂ ಒಂದೇ ಸ್ವರಕ್ಕೆ ಶ್ರುತಿಗೊಂಡು ಕೂಡಿ ನುಡಿಯಬೇಕು.

ಸುತ್ತಿಗೆಯೆಂದರೆ ಕಮ್ಮಾರನದಲ್ಲ. ಒತ್ತಿ ಗಟ್ಟಿ ಮಾಡಿದ ಉಣ್ಣೆಯ ಫೆಲ್ಟನ್ನು ಹೊದಿಸಿದ ಹೆಬ್ಬೆರಳಿನ ತುದಿಯಷ್ಟಿನ ಮರದ ತಲೆ. ಅದಕ್ಕೆ ಬರೆಯುವ ಪೆನ್ಸಿಲ್ಲಿಗಿಂತ ತೆಳುವಾದ, ಸುಮಾರು ಐದೂವರೆ ಮಿಲಿಮೀಟರ್ ದಪ್ಪದ ಕಾವು. ಇದನ್ನು ಇಂಗ್ಲಿಷಿನಲ್ಲಿ ಶ್ಯಾಂಕ್ ಎನ್ನುತ್ತಾರೆ. ಕೊಡಲಿಗೂ ಗುದ್ದಲಿಗೂ ನಾವು ಹೇಳುವ ಕಾವು ಎಂಬ ಮಾತೇ ಇದಕ್ಕೂ ಒಪ್ಪುತ್ತದೆಯೆಂದು ಹುಡುಗ ತಾನೇ ಅದನ್ನು ಬಳಸುತ್ತಿದ್ದ. ಕಾವಿನ ಬುಡ ಒಂದು ಮರದ ತುಂಡಿಗೆ ಅಂಟಿಕೊಂಡಿದ್ದು, ಆ ತುಂಡು ಫ್ಲೇಂಜ್ ಎಂಬ ಹಿಡಿಕೆಯಲ್ಲಿ ತಿರುಗುತ್ತದೆ. ಎರಡನ್ನೂ ಕೂಡಿಸುವ ಅಚ್ಚು ಸುಮಾರು 1.3 ಮಿಲಿಮೀಟರ್ ದಪ್ಪದ ಹಿತ್ತಾಳೆಯ ಕಡ್ಡಿ, ಅದರ ಸುತ್ತ ಉಣ್ಣೆಬಟ್ಟೆಯ ಅಸ್ತರಿ. ಬೆರಳು ಮಣೆಯನ್ನು ಒತ್ತಿದಾಗ ಏತದ ಹಾಗೆ ಅದರ ಹಿಂದಿನ ತುದಿ ಮೇಲೇಳುತ್ತದೆ, ನಡುವಿನ ಸನ್ನೆಗಳು ಸುತ್ತಿಗೆಯನ್ನು ತಂತಿಯ ಕಡೆ ತಳ್ಳುತ್ತವೆ. ಸುತ್ತಿಗೆ ಹೋಗಬೇಕಾದ ದೂರ ಸುಮಾರು 45 ಮಿಲಿಮೀಟರ್. ಇನ್ನು ಮೂರು ಮಿಲಿಮೀಟರ್ ಉಳಿದಿದೆ ಎನ್ನುವಾಗ ತಳ್ಳುವ ಸನ್ನೆ ಜಾರಿಕೊಂಡು ಕೈಬಿಡುತ್ತದೆ. ಉಳಿದ ದಾರಿಯನ್ನು ಸುತ್ತಿಗೆ ತನ್ನ ವೇಗದಿಂದಲೇ ಹಾರಿ, ಹೊಡೆದು, ಹಿಂದಕ್ಕೆ ಬೀಳಬೇಕು. ಕೈಬಿಡದಿದ್ದರೆ ಅದು ತಂತಿಗೆ ಒತ್ತಿಕೊಂಡು ನಾದವನ್ನು ಕೊಂದುಬಿಡುತ್ತದೆ.

ಹೀಗೆ ಬಿಟ್ಟ ಬಾಣದಂತೆ ಹೋಗುವ ವಸ್ತುವಿನ ದಾರಿ ಕೂದಲೆಳೆಯಷ್ಟು ಓರೆಯಾದರೂ ಮೂರು ತಂತಿಗಳಲ್ಲಿ ಎರಡಕ್ಕೆ ತಗುಲಿ ಒಂದು ತಪ್ಪುತ್ತದೆ, ಇಲ್ಲವೆ ನೆರೆಯ ಸುತ್ತಿಗೆಗೆ ಉಜ್ಜಿ ಎರಡೂ ಒಟ್ಟಿಗೆ ಏಳುತ್ತವೆ. ಕಾವುಗಳೋ ಮರ. ಮೇಪಲ್ ಮೊದಲಾದ ಶೀತದೇಶದ ಗಟ್ಟಿ ಮರಗಳನ್ನು ಎಳೆ ನೇರವಾಗಿರುವಂತೆ ಆರಿಸಿ ಮಾಡಿದರೂ, ಜೂನಿನಿಂದ ಒಂದು ಮಳೆ, ಅಕ್ಟೋಬರಿನಿಂದ ಇನ್ನೊಂದು ಮಳೆ, ನಡುವೆ ಮಂಜು, ಆಮೇಲೆ ಒಣಹವೆ ಎಂದು ನೂರು ವರ್ಷ ಹೀರಿ ಬಿಟ್ಟು ಮಾಡಿದ ಮರ ಸ್ವಲ್ಪವಾದರೂ ತಿರುಚಿಕೊಳ್ಳದೆ ಇರದು. ಉಷ್ಣದೇಶಗಳಿಗೆಂದು ಕಳಿಸುವ ಪಿಯಾನೋಗಳ ಜೋಡಣೆಗಳಿಗೆ ಇಂಗ್ಲೆಂಡಿನ ತಯಾರಕರು ಅಂಟಿನ ಜೊತೆಗೆ ತಿರುಪುಗಳನ್ನೂ ಹಾಕಿ ಬಂದೋಬಸ್ತು ಮಾಡುತ್ತಿದ್ದರಂತೆ. ಆದರೆ ಕಾವಿಗೆ ತಿರುಪು ಹಾಕುವುದು ಹೇಗೆ?

ಈ ವಾದ್ಯಕ್ಕೆ ಬೇರೊಂದು ಅನ್ಯಾಯವೂ ಆಗಿತ್ತು. ಮಳೆಗಾಲದಲ್ಲಿ ಸುತ್ತಿಗೆಗಳು ಬಿಗಿದುಕೊಂಡವೆಂದು ಹಿಂದೆ ಯಾರೋ ಕೀಲುಗಳಿಗೆಲ್ಲ ಹೊಲಿಗೆಯಂತ್ರದ ಎಣ್ಣೆ ಬಿಟ್ಟಿದ್ದರು. ಉಣ್ಣೆಯ ಅಸ್ತರಿ ಎಣ್ಣೆ ಕುಡಿದು ಇನ್ನಷ್ಟು ಊದಿತ್ತು. ಅಂಥ 17 ಕೀಲುಗಳ ಹಳೆಯ ಕಡ್ಡಿಯನ್ನು ತಳ್ಳಿ ತೆಗೆದು, ಅಸ್ತರಿ ಬದಲಿಸಿ, ಒಳಗನ್ನು ನಯವಾದ ತುರಿಕಡ್ಡಿಯಿಂದ ತಿದ್ದಿ, ಹೊಸ ಕಡ್ಡಿ ಹಾಕಲು ಹುಡುಗನಿಗೆ ನಾಲ್ಕು ದಿನ ಹಿಡಿದಿತ್ತು. ಹಬ್ಬಕ್ಕೆ ಬರಲಾಗದಿದ್ದುದು ಇದೇ ಕಾರಣಕ್ಕೆ. ಶಾಲೆ ತೆರೆಯುವ ಮೊದಲು ಮುಗಿಸಿಕೊಡಬೇಕು. ಕೀಲು ಸರಿಯಾಗಿದೆಯೇ ಎಂದು ನೋಡುವ ಬಗೆಯನ್ನು ಅವನು ನಮಗೆ ತೋರಿಸಿದ. ಫ್ಲೇಂಜನ್ನು ಹಿಡಿದು ಸುತ್ತಿಗೆಯನ್ನು ಎತ್ತಿ ಬಿಟ್ಟರೆ ಅದು ತನ್ನ ತೂಕದಿಂದಲೇ ಮೆಲ್ಲನೆ ಇಳಿಯಬೇಕು. ತಡೆಯಲೂ ಬಾರದು, ಪಕ್ಕಕ್ಕೆ ಅಲುಗಲೂ ಬಾರದು.

ಅಂದು ನಡೆಯುತ್ತಿದ್ದುದು ಅದರ ಮುಂದಿನ ಕೆಲಸ, ಸುತ್ತಿಗೆಗಳನ್ನು ಸಾಲಿಗೆ ತರುವುದು. ಮೊದಲು ಉದ್ದನೆಯ ತೆಳು ಸ್ಕ್ರೂಡ್ರೈವರಿನಿಂದ ಎಲ್ಲ ಫ್ಲೇಂಜುಗಳ ತಿರುಪುಗಳನ್ನೂ ಬಿಗಿ ಮಾಡಿದ. ಒಣಹವೆಯಲ್ಲಿ ಮರ ಕುಗ್ಗಿ ತಿರುಪು ಸಡಿಲವಾಗಿರುತ್ತದೆ. ಇದನ್ನು ಬಿಟ್ಟು ಮುಂದಿನದನ್ನು ಮಾಡಿದವನು ಎಲ್ಲವನ್ನೂ ಎರಡನೆಯ ಸಲ ಮಾಡಬೇಕಾಗುತ್ತದೆ. ಆಮೇಲೆ ಪಕ್ಕದ ಅಂತರ. ಯಾವ ಸುತ್ತಿಗೆ ನೆರೆಯದರ ಕಡೆ ಸರಿದಿದೆಯೋ ಅದರ ತಿರುಪನ್ನು ಕಾಲು ಸುತ್ತು ಸಡಿಲಿಸಿ, ಫ್ಲೇಂಜನ್ನು ಒಂದಿಷ್ಟು ಸರಿಸಿ, ಮತ್ತೆ ಬಿಗಿಯುವುದು. ನಡುನಡುವೆ ಯಂತ್ರವನ್ನು ಎತ್ತಿ ಪಿಯಾನೋದಲ್ಲಿ ಕೂರಿಸಿ, ಪ್ರತಿ ಸುತ್ತಿಗೆಯೂ ತನ್ನ ಮೂರು ತಂತಿಗಳ ಎದುರಿಗಿದೆಯೇ ಎಂದು ನೋಡುವುದು. ಹಳೆಯ ಫೆಲ್ಟಿನ ಮೇಲೆ ತಂತಿ ಕಚ್ಚಿದ ಮೂರು ಗೀರುಗಳಿರುತ್ತವೆ. ಆ ಗೀರುಗಳು ತಲೆಯ ನಡುವೆ ಇರದೆ ಅಂಚಿಗೆ ಸರಿದಿದ್ದರೆ ಆ ಸುತ್ತಿಗೆ ಬಹುಕಾಲದಿಂದ ದಾರಿ ತಪ್ಪಿದೆಯೆಂದು ಅರ್ಥ. ವೈದ್ಯರು ನಾಡಿ ನೋಡುವಂತೆ ಹುಡುಗ ಆ ಗೀರುಗಳನ್ನು ಉಗುರಿನಿಂದ ಮುಟ್ಟಿ ನೋಡುತ್ತಿದ್ದ.

ಮೂರನೆಯದು ನಡಿಗೆಯ ಪರೀಕ್ಷೆ. ನಿಂತಾಗ ನೆಟ್ಟಗಿರುವ ಸುತ್ತಿಗೆ ನಡೆಯುವಾಗಲೂ ನೆಟ್ಟಗೆ ಹೋಗುತ್ತದೆಂಬ ಭರವಸೆಯಿಲ್ಲ. ಒಂದು ನೇರ ಪಟ್ಟಿಯಿಂದ ಎಂಟು ಹತ್ತು ಸುತ್ತಿಗೆಗಳನ್ನು ಒಟ್ಟಿಗೆ ಮೆಲ್ಲನೆ ಮುಂದಕ್ಕೆ ತಳ್ಳುತ್ತ ಅವುಗಳ ನಡುವಿನ ಸಂದುಗಳನ್ನೇ ನೋಡಬೇಕು. ಸಂದುಗಳು ಮೊದಲಿನಿಂದ ಕೊನೆಯವರೆಗೆ ಒಂದೇ ಸಮ ಇದ್ದರೆ ಸರಿ. ಯಾವುದಾದರೂ ಒಂದು ಸಂದು ಹೋಗುತ್ತ ಹೋಗುತ್ತ ಕಿರಿದಾದರೆ, ಅಲ್ಲಿರುವ ಎರಡರಲ್ಲಿ ಒಂದು ಓರೆ ನಡೆಯುತ್ತಿದೆ. ಕಾರಣ, ಅದರ ಅಚ್ಚುಕಡ್ಡಿ ಮಟ್ಟವಾಗಿ ಕುಳಿತಿಲ್ಲ. ಇದಕ್ಕೆ ಚಿಕಿತ್ಸೆ ಎಷ್ಟು ಸರಳವೆಂದರೆ ನಮಗೆ ನಗು ಬಂತು. ಫ್ಲೇಂಜಿನ ತಿರುಪು ಬಿಚ್ಚಿ, ಅದರ ಅಡಿಯ ಒಂದು ಅಂಚಿಗೆ ಅಂಟುಕಾಗದದ ಸಣ್ಣ ಪಟ್ಟಿಯೊಂದನ್ನು ಹಚ್ಚಿ ಮತ್ತೆ ಬಿಗಿಯುವುದು. ಆ ಕಾಗದದ ದಪ್ಪವೇ ಅಚ್ಚನ್ನು ಓರೆ ಮಾಡಿ ನಡಿಗೆಯನ್ನು ನೇರ ಮಾಡುತ್ತದೆ. ಹುಡುಗ ಲಕೋಟೆಗಳ ಅಂಟಿರುವ ಅಂಚನ್ನೇ ಕತ್ತರಿಸಿ ಒಂದು ಡಬ್ಬಿ ತುಂಬ ಇಟ್ಟುಕೊಂಡಿದ್ದ. ಕಾಗದ ತಪ್ಪು ಕಡೆಗೆ ಬಿದ್ದರೆ ಓರೆ ಹೆಚ್ಚುತ್ತದೆ, ಆಗ ತೆಗೆದು ಇನ್ನೊಂದು ಕಡೆ ಹಚ್ಚಬೇಕು. ಗುರುಗಳಿಗೆ ಒಂದೇ ನೋಟಕ್ಕೆ ಕಡೆ ತಿಳಿಯುತ್ತದೆ, ತನಗೆ ಹತ್ತರಲ್ಲಿ ಒಂದೆರಡು ಈಗಲೂ ತಪ್ಪುತ್ತವೆ ಎಂದು ಅವನು ಸಂಕೋಚವಿಲ್ಲದೆ ಹೇಳಿದ. ತರಗತಿಯಲ್ಲಿ ಅವನು ತನ್ನ ತಪ್ಪನ್ನು ಹೀಗೆ ಹೇಳಿದ್ದನ್ನು ನಾವು ಕೇಳಿರಲಿಲ್ಲ.

ಕೊನೆಯದು ಬೆಂಕಿಯ ಕೆಲಸ. ಅಂತರವೂ ನಡಿಗೆಯೂ ಸರಿಯಾದ ಮೇಲೆ ಕೆಲವು ತಲೆಗಳು ಮಾತ್ರ ಕತ್ತು ವಾಲಿಸಿದಂತೆ ಪಕ್ಕಕ್ಕೆ ಓರೆಯಾಗಿರುತ್ತವೆ. ಅಂಥಲ್ಲಿ ಕಾವೇ ತಿರುಚಿಕೊಂಡಿದೆ. ಸ್ಪಿರಿಟ್ ದೀಪದ ಸಣ್ಣ ಜ್ವಾಲೆಯನ್ನು ಕಾವಿನ ನಡುಭಾಗದ ಬಳಿ ಹಿಡಿದು, ಒಂದೆಡೆ ನಿಲ್ಲಿಸದೆ ಆಚೀಚೆ ಆಡಿಸುತ್ತ ಕಾಯಿಸಬೇಕು. ಮರ ಕಪ್ಪಾಗಬಾರದು. ಜ್ವಾಲೆ ಫೆಲ್ಟಿನ ಹತ್ತಿರ ಹೋಗಬಾರದು. ತಲೆಯನ್ನು ಕಾವಿಗೆ ಹಿಡಿದಿರುವ ಹಳೆಯ ಅಂಟು ಬಿಸಿಗೆ ಸಡಿಲುವುದರಿಂದ ಆ ತುದಿಗೂ ಸೋಕಬಾರದು. ಮರ ಹದಕ್ಕೆ ಬಂದಾಗ ತಲೆಯನ್ನು ಬೆರಳಲ್ಲಿ ಹಿಡಿದು ತಿರುಗಿಸಿ ನೆಟ್ಟಗೆ ಮಾಡಬೇಕು. ಈಚೆಗೆ ಇದಕ್ಕೆ ಬಿಸಿಗಾಳಿ ಊದುವ ವಿದ್ಯುತ್ ಪಿಸ್ತೂಲು ಬಂದಿದೆ. ಅದರಲ್ಲಿ ಮರ ಸುಡುವ ಭಯ ಕಡಿಮೆ, ಆದರೆ ಬಿಸಿ ಅಗಲಕ್ಕೆ ಹರಡಿ ನೆರೆಯ ಕಾವುಗಳಿಗೂ ತಗಲುತ್ತದೆ. ಗುರುಗಳಿಗೆ ದೀಪವೇ ಇಷ್ಟ. ಕನ್ನಡದಲ್ಲಿ ಕಾವು ಎಂದರೆ ಹಿಡಿಯೂ ಹೌದು, ಬಿಸಿಯೂ ಹೌದು ಎಂಬುದನ್ನು ನಾವು ಅವರಿಗೆ ತಮಿಳಿನಲ್ಲಿ ವಿವರಿಸಲು ಹೋದೆವು. ಅವರು ಸೌಜನ್ಯಕ್ಕೆ ತಲೆಯಾಡಿಸಿದರು.

ಗೌಡರು ಇಷ್ಟು ಹೊತ್ತೂ ಬಾಗಿಲ ಬಳಿ ಕಂಬಳಿ ಹೊದ್ದು ಒಂದು ಮಾತನ್ನೂ ಆಡದೆ ಕುಳಿತಿದ್ದರು. ಹುಡುಗ ತಾರಕದ ಕಡೆಯ ಒಂದು ಕಾವನ್ನು ಕಾಯಿಸಿ ತಿರುಗಿಸಿದ. ನೆಟ್ಟಗಾಯಿತು. ಬಿಟ್ಟ. ಎರಡು ಗಳಿಗೆಯಲ್ಲಿ ಅದು ಮೆಲ್ಲನೆ ತನ್ನ ಹಳೆಯ ಓರೆಗೇ ಮರಳತೊಡಗಿತು. ಇನ್ನೊಮ್ಮೆ ಕಾಯಿಸಿದ, ಇನ್ನೊಮ್ಮೆ ಮರಳಿತು. ಆಗ ಬಾಗಿಲ ಕಡೆಯಿಂದ ಮಾತು ಬಂತು.

“ಬೇಗ ಬಿಟ್ಬುಟ್ಟೆ ಕಲಾ. ಆರೋಗಂಟ ಹಿಡ್ಕೊ. ನೆಟ್ಟಗೆ ಇರೋದ್ಕಿಂತ ಒಂದು ಚೂರು ಆ ಕಡೆಗೇ ತಿರುಗ್ಸು, ತಾನೇ ವಾಪಸ್ ಬತ್ತದೆ.”

ಹುಡುಗ ತಿರುಗಿ ನೋಡಿದ. ಗೌಡರು ಎದ್ದು ಮೇಜಿನ ಬಳಿಗೆ ಬಂದರು. ನಮ್ಮ ಕಡೆ ಬಿದಿರಿನ ಗಳು ಸೊಟ್ಟಗಿದ್ದರೆ ಕೆಂಡದ ಮೇಲೆ ಆಡಿಸಿ, ಕವಲಿಗೆ ಸಿಕ್ಕಿಸಿ ಬಗ್ಗಿಸಿ, ತಣ್ಣಗಾಗುವವರೆಗೂ ಹಿಡಿದು ನೇರ ಮಾಡುತ್ತಾರೆ. ಗೌಡರು ನಲವತ್ತು ವರ್ಷದಿಂದ ಆ ಕೆಲಸ ಮಾಡಿದವರು. “ಬಿದಿರಾದ್ರೇನು ಇದಾದ್ರೇನು, ಮರ ಅಲ್ವ?” ಎಂದರು. ಹುಡುಗ ಮತ್ತೆ ಕಾಯಿಸಿದ. ತಲೆಯನ್ನು ಒಂದು ಎಳೆಯಷ್ಟು ಮೀರಿಸಿ ತಿರುಗಿಸಿ ಹಿಡಿದ. ಅವನ ಬೆರಳಿನ ಪಕ್ಕದಲ್ಲಿ ಗೌಡರ ಬೆರಳು, ಮುಟ್ಟದೆ, ಆದರೆ ಎಷ್ಟು ಹೊತ್ತೆಂದು ಅಳೆಯುವಂತೆ ನಿಂತಿತ್ತು. “ಈಗ ಬುಡು” ಎಂದರು. ಬಿಟ್ಟಾಗ ಅದು ತುಸು ಮರಳಿ, ನೆರೆಯವುಗಳ ಸಾಲಿನಲ್ಲಿ ಬಂದು ನಿಂತಿತು. ಗುರುಗಳು ನಿಮ್ಮ ತಂದೆ ಏನು ಹೇಳಿದರೆಂದು ತಮಿಳಿನಲ್ಲಿ ಕೇಳಿದರು. ಹುಡುಗ ಹೇಳಿದ. ಅವರು ಗಟ್ಟಿಯಾಗಿ ನಕ್ಕು, ಎರಡು ವರ್ಷದಿಂದ ತಾನು ಅದನ್ನೇ ಹೇಳುತ್ತಿದ್ದೇನೆ, ಈ ಹುಡುಗನಿಗೆ ಅವಸರ ಹೆಚ್ಚು ಎಂದರು. ಆಮೇಲಿನ ಏಳೆಂಟು ಕಾವುಗಳಿಗೆ ದೀಪ ಹಿಡಿದವನು ಹುಡುಗ, “ಹಿಡ್ಕೊ”, “ಬುಡು” ಎಂದವರು ಗೌಡರು. ನಾವೂ ಗುರುಗಳೂ ನೋಡುವವರಾದೆವು.

ಮಧ್ಯಾಹ್ನ ಊಟಕ್ಕೆ ಕೆಳಗಿನ ಹೋಟೆಲಿಗೆ ಹೋದಾಗ ನಾವು ಬಂದ ಕಾರ್ಯವನ್ನು ಎತ್ತಲೇಬೇಕಾಯಿತು. ಗೌಡರು ಕೈ ತೊಳೆಯಲು ಹೋದ ಸಮಯ ನೋಡಿ ಹುಡುಗನೊಡನೆ ಮಾತಾಡಿದೆವು. ಸಂಪಾದನೆ ಹೇಗೆಂದು ಕೇಳಿದೆವು. ತಿಂಗಳ ಸಂಬಳವೆಂಬುದಿಲ್ಲ, ಕೆಲಸವಿದ್ದಾಗ ಗುರುಗಳು ಕೊಡುತ್ತಾರೆ, ಊಟ ಮಲಗು ಅವರ ಮನೆಯಲ್ಲಿಯೇ. ಕೂನೂರು, ಕೋಟಗಿರಿ, ಇಲ್ಲಿನ ಶಾಲೆಗಳು, ಚರ್ಚುಗಳು, ಕೆಲವು ಹಳೆಯ ಬಂಗಲೆಗಳು, ಇಷ್ಟೇ ಗಿರಾಕಿಗಳು. ಈಗ ಹಲವರು ವಿದ್ಯುತ್ ಕೀಬೋರ್ಡು ಕೊಂಡು ಪಿಯಾನೋವನ್ನು ಮೂಲೆಗೆ ತಳ್ಳುತ್ತಿದ್ದಾರೆ. “ಹಾಗಾದರೆ ಇದನ್ನು ನೆಚ್ಚಿ ಕೂರುವುದು ಹೇಗಪ್ಪ?” ಎಂದೆವು. ಅವನು ತಟ್ಟೆಯ ಅಂಚನ್ನು ನೋಡುತ್ತ, “ಮಾಸ್ಟರಿಗೆ ಕೈ ನಡುಗ್ತದೆ ಸಾ. ದೀಪ ಹಿಡಿಯೋಕಾಗಲ್ಲ. ಒಪ್ಪಿಕೊಂಡಿರೋ ನಾಲ್ಕು ಪಿಯಾನೋ ಇವೆ. ನಾನು ಹೊರಟ್ರೆ ಅವು ಹಂಗೇ ನಿಂತೋಗ್ತವೆ” ಎಂದ. ಸ್ವಲ್ಪ ತಡೆದು ಮತ್ತೆ, “ಅಪ್ಪ ಹೇಳೋದೂ ದಿಟವೇ” ಎಂದ.

ಆಮೇಲೆ ಅವನೇ ಒಂದು ದಾರಿ ಹೇಳಿದ. ರಾಗಿ ತೆನೆ ಕಟ್ಟಿ ಆನೆಗಳು ಹೊಲಕ್ಕೆ ಇಳಿಯುವುದು ದೀಪಾವಳಿಯ ಆಸುಪಾಸಿನಲ್ಲಿ. ಆ ಹೊತ್ತಿಗೆ ಇಲ್ಲಿ ಈಶಾನ್ಯದ ಮಳೆ. ಹವೆ ತೇವವಾಗಿದ್ದಾಗ ಕಾವು ತಿದ್ದಿದರೆ ಒಣಗಿದ ಮೇಲೆ ಇನ್ನೊಮ್ಮೆ ತಿದ್ದಬೇಕಾಗುವುದರಿಂದ ಮಾಸ್ಟರು ಈ ಕೆಲಸವನ್ನು ಆ ತಿಂಗಳುಗಳಲ್ಲಿ ಹಿಡಿಯುವುದಿಲ್ಲ. ಕ್ರಿಸ್‌ಮಸ್ಸಿನ ಶ್ರುತಿಯ ಕೆಲಸ ಶುರುವಾಗುವುದು ಡಿಸೆಂಬರಿನಲ್ಲಿ. ಅಷ್ಟರವರೆಗೆ ತಾನು ಊರಿಗೆ ಬಂದು ಅಟ್ಟಣೆಯ ಮೇಲೆ ಕೂರಬಹುದು. ಉಳಿದ ತಿಂಗಳು ಇಲ್ಲಿ. ಗಣಿತದಲ್ಲಿ ತಪ್ಪಿದವನು ತಂದೆಯ ಹೊಲವನ್ನೂ ಗುರುವಿನ ಪಿಯಾನೋವನ್ನೂ ಎರಡು ಮಳೆಗಳ ಲೆಕ್ಕದಲ್ಲಿ ಕೂಡಿಸಿದುದನ್ನು ಕೇಳುತ್ತ ನಾವು ಸುಮ್ಮನಾದೆವು. ಕರೆದುಕೊಂಡು ಹೋಗಲೆಂದು ಸಿದ್ಧಮಾಡಿಕೊಂಡು ಬಂದಿದ್ದ ಮಾತುಗಳು ಯಾವುವೂ ಬಾಯಿಗೆ ಬರಲಿಲ್ಲ. ಬಂದುದು ಬೇರೊಂದು.

“ಆ ದಿನ ತರಗತಿಯಲ್ಲಿ ನಾವು ಹಾಗೆ ಹೇಳಬಾರದಿತ್ತು ಕಣಪ್ಪ.”

“ಯಾವ ದಿನ ಸಾ?” ಎಂದ ಹುಡುಗ. ಮರೆತಿದ್ದನೋ, ಮರೆತವನಂತೆ ನಟಿಸಿದನೋ ಅವನ ಮುಖದಿಂದ ತಿಳಿಯಲಿಲ್ಲ. ಅಷ್ಟರಲ್ಲಿ ಗೌಡರು ಬಂದು ಕುಳಿತರು. ಹುಡುಗ ತನ್ನ ಏರ್ಪಾಡನ್ನು ಅವರ ಮುಂದೆಯೂ ಹೇಳಿದ. ಅವರು ಮಜ್ಜಿಗೆ ಅನ್ನ ಕಲಸುತ್ತ ಪೂರ್ತಿ ಕೇಳಿದರು. ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. “ನಿಮ್ಮವ್ವ ಎಳ್ಳುಬೆಲ್ಲ ಕಳ್ಸವ್ಳೆ, ಮಾಸ್ಟರಿಗೂ ಕೊಡು” ಎಂದು ಚೀಲದಿಂದ ಪೊಟ್ಟಣ ತೆಗೆದಿಟ್ಟರು.

ಹೊರಡುವ ಮುನ್ನ ಯಂತ್ರವನ್ನು ಪಿಯಾನೋದೊಳಗೆ ಕೂರಿಸಿ ಗುರುಗಳು ನಡುವಿನ ಒಂದು ಮಣೆಯನ್ನು ಒತ್ತಿದರು. ಶ್ರುತಿ ಇನ್ನೂ ಮಾಡಿರಲಿಲ್ಲ, ಅದು ಮರುದಿನದ ಕೆಲಸ. ಆದರೂ ಮೂರು ತಂತಿಗಳೂ ಏಟು ತಿಂದು ಒಟ್ಟಿಗೆ ನುಡಿದುದು ನಮ್ಮಂಥ ಹಾರ್ಮೋನಿಯಮ್ ಕಿವಿಗೂ ತಿಳಿಯಿತು. ಗೌಡರಿಗೆ ಒತ್ತಲು ಹೇಳಿದರು. ಅವರು ಪಂ‍ಚೆಗೆ ಬೆರಳು ಒರೆಸಿಕೊಂಡು ಕೊನೆಯ ಮಂದ್ರದ ಮಣೆಯನ್ನು ಒತ್ತಿ, ನಾದ ಇಳಿದು ಹೋಗುವವರೆಗೂ ಕೈ ತೆಗೆಯಲಿಲ್ಲ.

ಮೂರೂವರೆಯ ಬಸ್ಸು ಹಿಡಿದೆವು. ರಾತ್ರಿ 9ಕ್ಕೆ ಬಂಡೀಪುರದ ಗೇಟು ಮುಚ್ಚುತ್ತಾರಾದುದರಿಂದ ಮುಂದಿನದಕ್ಕೆ ಕಾಯುವ ಧೈರ್ಯ ನಮಗಿರಲಿಲ್ಲ. ಪೈಕಾರ ದಾಟಿದ ಮೇಲೆ ಗೌಡರು ಜೇಬಿನಿಂದ ಒಂದು ಕಡ್ಡಿ ತೆಗೆದರು. ಕೆಲಸಕ್ಕೆ ಬಾರದೆಂದು ಎಸೆದಿದ್ದ ಮುರಿದ ಕಾವು. ಅದನ್ನು ಕಣ್ಣಿಗೆ ನೇರ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದರು. ಬೆರಳುಗಳ ನಡುವೆ ಉರುಳಿಸಿದರು. ಇದು ಯಾವ ಮರವೆಂದು ಕೇಳಿದರು. ಮೇಪಲ್ ಇರಬೇಕು, ನಮ್ಮ ಕಡೆ ಬೆಳೆಯುವುದಿಲ್ಲ ಎಂದೆವು. “ಎಳೆ ಚೆನ್ನಾಗದೆ” ಎಂದು ಅದನ್ನು ಮತ್ತೆ ಜೇಬಿಗಿಟ್ಟುಕೊಂಡು, ಅಟ್ಟಣೆಯ ಏಣಿಗೆ ಈ ವರ್ಷ ಎರಡು ಹೊಸ ಮೆಟ್ಟಿಲು ಹಾಕಿಸಬೇಕು, ಹುಡುಗ ಮೊದಲಿಗಿಂತ ತೂಕವಾಗಿದ್ದಾನೆ ಎಂದರು.